ವು ಶಿಂಗ್ ನಮ್ಮ ಪಂಚಭೂತವಲ್ಲ

ಚೀನಾದ ಐದು ತತ್ವ, ಅಂದರೆ 'ವು ಶಿಂಗ್', ನಮ್ಮ ಪಂಚಭೂತವೇನಾ, ಚಿಗಾಂಗ್ (ಉಸಿರು, ಮೈಚಲನೆ ಸೇರಿದ ಚೀನೀ ಅಭ್ಯಾಸ) ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಎರಡೂ ಬೇರೆ ಬೇರೆ. ಅಲ್ಲಿ ಗಾಳಿ, ಆಕಾಶ ಇಲ್ಲ. ಮರ, ಬೆಂಕಿ, ಮಣ್ಣು, ಲೋಹ, ನೀರು ಇವೆ. 'ಶಿಂಗ್' ಅಂದರೆ ನಡೆ. ಮರದಿಂದ ಬೆಂಕಿ, ಬೆಂಕಿಯಿಂದ ಬೂದಿ-ಮಣ್ಣು, ಹೀಗೆ ಒಂದರಿಂದ ಇನ್ನೊಂದು ಹುಟ್ಟುವ ಹಂತಗಳು.

ಶುರುವಿಗೆ 'ಲ್ಯೂ ತ್ಸು ಜ್ವೆ' ಸಾಕು. ಆರು ಸದ್ದುಗಳ ಉಸಿರಾಟ. ಚೀನೀ ವೈದ್ಯದಲ್ಲಿ ಒಂದೊಂದು ತತ್ವಕ್ಕೂ ಒಂದೊಂದು ಅಂಗ. ಮೊದಲು ಮರಕ್ಕೆ, ಅಂದರೆ ಲಿವರ್‌ಗೆ, 'ಶ್ಯೂ'. ಕೈಗಳು ಸೊಂಟದ ಬಳಿ, ಅಂಗೈ ಮೇಲ್ಮುಖವಾಗಿರಲಿ. ಮೈಯನ್ನು ಎಡಕ್ಕೆ ತಿರುಗಿಸುತ್ತಾ, ಬಲಗೈ ಚಾಚಿ, ಕಣ್ಣು ಅಗಲಿಸಿ, 'ಶ್ಯೂ' ಅನ್ನುತ್ತಾ ನಿಧಾನವಾಗಿ ಉಸಿರು ಬಿಡಿ. ಪಾದ ಕದಲಬಾರದು. ಆಮೇಲೆ ಬಲಕ್ಕೆ. ಒಟ್ಟು ಆರು ಸಲ. ನಾನು ಮೊದಮೊದಲು ಜೋರಾಗಿ ಅಂದು, 'ಕೋಳಿ ಓಡಿಸ್ತಿದ್ದೀಯಾ?' ಅಂತ ಮನೆಯಲ್ಲಿ ಕೇಳಿಸಿಕೊಂಡೆ!

ಹೃದಯ, ಸ್ಪ್ಲೀನ್, ಶ್ವಾಸಕೋಶ, ಕಿಡ್ನಿಯ ಸದ್ದುಗಳು ಆಮೇಲೆ ಇದೇ ಕ್ರಮದಲ್ಲಿ ಬರುತ್ತವೆ. ಆರನೆಯದು 'ಸಾನ್ ಜಿಯಾವ್'ಗೆ, ಅಂದರೆ ಚೀನೀ ವೈದ್ಯ ಹೇಳುವ ಮುಂಡದ ಮೂರು ಭಾಗಗಳಿಗೆ. ವಾರಕ್ಕೊಂದು ಸದ್ದು ಕಲಿತರೆ ಸಾಕು, ಅವಸರ ಬೇಡ. ಧ್ಯಾನಕ್ಕೆ ಕೊನೆಯಲ್ಲಿ ಅಂಗೈ ಹೊಕ್ಕುಳ ಮೇಲಿಟ್ಟು ಸುಮ್ನೆ ನಿಂತುಕೊಳ್ಳಿ. ಆದರೆ ಲಿವರ್ ತೊಂದರೆ ಇದ್ದರೆ ಡಾಕ್ಟರ್ ಹತ್ತಿರವೇ ಹೋಗಿ, 'ಶ್ಯೂ' ನಂಬಿ ಕೂರಬೇಡಿ.