ಅಸೈಕ್ಲೊವಿರ್ ನಮ್ಮ ಡಿಎನ್‌ಎಯನ್ನು ಯಾಕೆ ಕೆಡಿಸುವುದಿಲ್ಲ?

ಅಮ್ಮನ ಸರ್ಪಸುತ್ತಿಗೆ ಅಸೈಕ್ಲೊವಿರ್ 800 ಕೊಟ್ಟಿದ್ದಾರೆ, ಡಿಎನ್‌ಎ ತಡೆಯುವ ಮಾತ್ರೆ ಅಂದ್ರೆ ನಮ್ಮ ಜೀವಕೋಶಕ್ಕೂ ಪೆಟ್ಟಲ್ವಾ ಎಂದು ಕೇಳಿದ್ದೀರಿ. ಒಳ್ಳೆಯ ಅನುಮಾನ.

ಡಿಎನ್‌ಎಯನ್ನು ರೈಲು ಅಂದುಕೊಳ್ಳಿ. ಎ, ಟಿ, ಜಿ, ಸಿ ಎಂಬ ಬೋಗಿಗಳು ಒಂದರ ಹಿಂದೆ ಒಂದು ಸೇರುತ್ತವೆ. ಅಸೈಕ್ಲೊವಿರ್ ನೋಡಲು ಥೇಟ್ ಜಿ ಬೋಗಿಯ ಹಾಗೇ, ಆದರೆ ಹಿಂದಿನ ಕೊಕ್ಕೆ ಇಲ್ಲ. ಸರ್ಪಸುತ್ತಿನ ವೈರಸ್ಸಿನ ಪಾಲಿಮರೇಸ್, ಅಂದರೆ ಡಿಎನ್‌ಎ ನಕಲು ಮಾಡುವ ಕಿಣ್ವ, ಮೋಸಹೋಗಿ ಅದನ್ನು ಜೋಡಿಸುತ್ತದೆ. ಮುಂದಿನ ಬೋಗಿ ಸೇರುವುದೇ ಇಲ್ಲ. ನಕಲು ಅಲ್ಲಿಗೇ ನಿಂತಿತು.

ಇನ್ನು ನಿಮ್ಮ ಪ್ರಶ್ನೆ. ನುಂಗಿದ ಮಾತ್ರೆ ಹಾಗೇ ಕೆಲಸ ಮಾಡುವುದಿಲ್ಲ, ಅದಕ್ಕೆ ಮೂರು ಫಾಸ್ಫೇಟ್ ಅಂಟಬೇಕು. ಎರಡನೆಯದು, ಮೂರನೆಯದನ್ನು ನಮ್ಮ ಕೋಶದ ಕಿಣ್ವಗಳೇ ಅಂಟಿಸುತ್ತವೆ. ಮೊದಲನೆಯದು ಮಾತ್ರ ಅವುಗಳಿಂದ ಆಗುವುದು ತೀರಾ ಕಮ್ಮಿ. ಅದನ್ನು ಮಾಡುವುದು ವೈರಸ್ಸೇ ತಯಾರಿಸಿಕೊಳ್ಳುವ ಥೈಮಿಡಿನ್ ಕೈನೇಸ್ ಎಂಬ ಕಿಣ್ವ. ಹಾಗಾಗಿ ವೈರಸ್ ಹೊಕ್ಕ ಕೋಶದಲ್ಲೇ ಮದ್ದು ಜಾಸ್ತಿ ಚುರುಕಾಗುತ್ತದೆ. ಕಳ್ಳನ ಕೈಯಿಂದಲೇ ಅವನಿಗೆ ಬೇಡಿ ಹಾಕಿಸಿದ ಹಾಗೆ! ಇಂಥ ಮದ್ದುಗಳ ಹಿಂದಿದ್ದ ವಿಜ್ಞಾನಿ ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂದದ್ದು ಸುಮ್ನೆ ಅಲ್ಲ.

ನರದ ಬುಡದಲ್ಲಿ ಮಲಗಿರುವ ವೈರಸ್ಸಿಗೆ ಮಾತ್ರ ಇದು ತಾಗದು. ನಕಲೇ ಮಾಡದವನಿಗೆ ಬೋಗಿ ಯಾಕೆ? ದದ್ದು ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಲಾಭ ಜಾಸ್ತಿ. ದಿನಕ್ಕೆ ಐದು ಸಲ ಯಾಕೆಂದರೆ, ರಕ್ತದಿಂದ ಬೇಗ ಖಾಲಿಯಾಗುತ್ತದೆ. ನೀರು ಚೆನ್ನಾಗಿ ಕುಡಿಸಿ, ಇಲ್ಲದಿದ್ದರೆ ಕಿಡ್ನಿಯಲ್ಲಿ ಹರಳುಗಟ್ಟಬಹುದು. ಕಿಡ್ನಿ ತೊಂದರೆ ಮೊದಲೇ ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ, ಡೋಸ್ ಇಳಿಸಬೇಕಾಗಬಹುದು.