ಲಾನ್‌ನಲ್ಲಿ ಜೇಕು: ಔಷಧಿಗೆ ಮೊದಲು ನೀರು ನೋಡಿ

ದಿನಾ ಎರಡು ಹೊತ್ತು ನೀರು, ವಾರಕ್ಕೊಮ್ಮೆ ನೆಲ ಮಟ್ಟ ಕಟಿಂಗ್, ಆದರೂ ಬರ್ಮುಡಾ ಹುಲ್ಲಿನ ಲಾನ್ ತುಂಬ ಜೇಕು ಕಳೆ, ಏನು ಹೊಡೆಯಲಿ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಈ ಎರಡು ಅಭ್ಯಾಸವೇ ಜೇಕನ್ನು ಸಾಕುತ್ತಿವೆ.

ಒದ್ದೆ ನೆಲ ಸಿಕ್ಕರೆ ಜೇಕಿಗೆ ಹಬ್ಬ. ಬರ್ಮುಡಾ ನಮ್ಮ ಗರಿಕೆ ಜಾತಿಯದೇ ಅಲ್ವಾ, ಅದಕ್ಕೆ ಬಿಸಿಲು ಬೇಕು. ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ಬೇರು ಆಳಕ್ಕೆ ಇಳಿಯುವುದಿಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ, ಮಣ್ಣು ಅರ್ಧ ಗೇಣು ನೆನೆಯುವಷ್ಟು ಕೊಡಿ. ಹುಲ್ಲು ಒಂದು ಇಂಚಾದರೂ ಇರಲಿ. ಬೋಳು ಹೊಡೆಸಿದರೆ ಬಿಸಿಲು ನೇರ ಮಣ್ಣಿಗೆ ಬಿದ್ದು ಕಳೆ ಏಳುತ್ತದೆ. ಮರದ ನೆರಳಲ್ಲಿ ಬರ್ಮುಡಾ ಆಸೆ ಬಿಡಿ.

ಜೇಕನ್ನು ಕೈಯಲ್ಲಿ ಕಿತ್ತರೆ ದಂಟು ಮಾತ್ರ ಬರುತ್ತದೆ. ಒಮ್ಮೆ ಅಗೆದು ನೋಡಿ, ದಾರದಂಥ ಬೇರಿನಲ್ಲಿ ಕಪ್ಪು ಗಡ್ಡೆಗಳು ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ. ಒಂದು ಉಳಿದರೂ ಮತ್ತೆ ಚಿಗುರುತ್ತದೆ. ಹೊರಗಿನ ಮಣ್ಣು ಹಾಕಿಸಿದ್ದರೆ ಅದರಲ್ಲೇ ಬಂದಿರಬಹುದು.

ಗ್ಲೈಫೋಸೇಟ್ ಅನ್ನೋ ಕಳೆನಾಶಕ ಬೇಡ, ಲಾನೂ ಹೋಗುತ್ತದೆ. ಹೊಡೆಯಲೇಬೇಕು ಅಂದರೆ ಜೇಕಿಗೆ ಹೊಡೆಯುವ ಹಾಲೋಸಲ್ಫ್ಯೂರಾನ್ ಮೀಥೈಲ್ ಅನ್ನೋ ಕಳೆನಾಶಕದ ಬಗ್ಗೆ ಕೃಷಿ ಅಂಗಡಿಯಲ್ಲಿ ವಿಚಾರಿಸಿ, ಪ್ಯಾಕೆಟ್ ಮೇಲಿನ ಸೂಚನೆ ಓದಿಯೇ ಬಳಸಿ. ನಾನಾದರೆ ಮೊದಲು ಸಂಜೆಯ ನೀರು ನಿಲ್ಲಿಸುತ್ತೇನೆ.