ಓದುಗರ ಪ್ರಶ್ನೆ, ನಮ್ಮ ಉತ್ತರ: ಯೂರೋವಿಷನ್ ವೇದಿಕೆಯಲ್ಲಿ ಪೋರ್ಚುಗಲ್

ಪ್ರಶ್ನೆ: ಯುರೋಪಿನ ದೇಶಗಳ ನಡುವೆ ವರ್ಷಕ್ಕೊಮ್ಮೆ ನಡೆಯುವ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಸ್ಥಾನಕ್ಕೆ ಇಳಿದ ಹಾಡೊಂದು ಪೋರ್ಚುಗಲ್‌ನಲ್ಲಿ ಸರ್ಕಾರವನ್ನೇ ಉರುಳಿಸಿತೆಂದು ಎಲ್ಲೋ ಓದಿದೆ. ಇದು ನಿಜವೇ, ಕಟ್ಟುಕಥೆಯೇ?

ಉತ್ತರ: ಸರ್ಕಾರವನ್ನು ಉರುಳಿಸಿದ್ದು ಸೈನ್ಯ; ಹಾಡು ಅದಕ್ಕೆ ಸಂಕೇತವಾಗಿತ್ತು. ಅಷ್ಟರ ಮಟ್ಟಿಗೆ ನೀವು ಓದಿದ್ದು ನಿಜ.

1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ನಡೆದ ಸ್ಪರ್ಧೆಯನ್ನು ಜನ ಇಂದಿಗೂ ನೆನೆಯುವುದು ಸ್ವೀಡನ್ನಿನ ಅಬ್ಬಾ ತಂಡದ ಗೆಲುವಿಗಾಗಿ. ಅದೇ ರಾತ್ರಿ ಪೋರ್ಚುಗಲ್‌ನ ಪರವಾಗಿ ಪೌಲೊ ದೆ ಕಾರ್ವಾಲ್ಯೊ ಅವರು ಹಾಡಿದ 'ಇ ದೆಪೋಯಿಸ್ ದು ಅದೆಯುಸ್' ಎಂಬ ಗೀತೆಗೆ ಸಿಕ್ಕಿದ್ದು ಬರೀ 3 ಅಂಕ. ಪಶ್ಚಿಮ ಜರ್ಮನಿ, ನಾರ್ವೆ ಮತ್ತು ಸ್ವಿಟ್ಜರ್ಲೆಂಡ್‌ಗಳ ಜೊತೆ ಅದು ಕೊನೆಯ ಸ್ಥಾನವನ್ನು ಹಂಚಿಕೊಂಡಿತು. ಮುಗಿದುಹೋದ ಪ್ರೇಮವೊಂದರ ನೋವನ್ನು ಹೇಳುವ ಆ ಗೀತೆಯಲ್ಲಿ ರಾಜಕೀಯದ ಸುಳಿವೇ ಇರಲಿಲ್ಲ, ಮತ್ತು ದಂಗೆಯ ಸಂಕೇತವಾಗಿ ಅದು ಆಯ್ಕೆಯಾದದ್ದು ಆ ಕಾರಣಕ್ಕೇ.

ಆಗ ಪೋರ್ಚುಗಲ್ ಸುಮಾರು ಅರ್ಧ ಶತಮಾನದಿಂದ ಸರ್ವಾಧಿಕಾರದಲ್ಲಿತ್ತು. ಸರ್ವಾಧಿಕಾರಿ ಸಲಾಜಾರ್ ಅವರ ನಂತರ ಮಾರ್ಸೆಲೊ ಕಯೆತಾನೊ ಅಧಿಕಾರಕ್ಕೆ ಬಂದಿದ್ದರೂ ಅಂಗೋಲಾ, ಮೊಜಾಂಬಿಕ್ ಮತ್ತು ಪೋರ್ಚುಗೀಸ್ ಗಿನಿಗಳಲ್ಲಿ ನಡೆಯುತ್ತಿದ್ದ ವಸಾಹತು ಯುದ್ಧಗಳು ನಿಂತಿರಲಿಲ್ಲ. ಆ ಯುದ್ಧಗಳಿಂದ ಬೇಸತ್ತ ನಡುದರ್ಜೆಯ ಸೇನಾಧಿಕಾರಿಗಳು ದಂಗೆಗೆ ಸಿದ್ಧರಾದಾಗ ದೇಶದ ಬೇರೆ ಬೇರೆ ಠಾಣ್ಯಗಳಲ್ಲಿದ್ದ ತಮ್ಮವರಿಗೆಲ್ಲ ಒಮ್ಮೆಲೇ ಸುದ್ದಿ ಮುಟ್ಟಿಸಲು ರೇಡಿಯೋವನ್ನು ಬಳಸಲು ನಿರ್ಧರಿಸಿದರು. ಎರಡು ವಾರಗಳ ಹಿಂದಷ್ಟೇ ಯೂರೋವಿಷನ್‌ಗೆ ಹೋಗಿ ಬಂದ ಹಾಡು ರೇಡಿಯೋದಲ್ಲಿ ಬಂದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ಲಿಸ್ಬನ್ನಿನ ಒಂದು ಕೇಂದ್ರದಿಂದ ಅದು ಪ್ರಸಾರವಾಯಿತು. ಸಿದ್ಧರಾಗಿರಿ ಎಂಬುದು ಅದರ ಸೂಚನೆಯಾಗಿತ್ತು. ಮಧ್ಯರಾತ್ರಿ ಕಳೆದ ಮೇಲೆ ಮತ್ತೊಂದು ಕೇಂದ್ರದಿಂದ ಜೋಸೆ ಅಫೊನ್ಸೊ ಅವರ 'ಗ್ರಾಂಡೊಲಾ, ವಿಲಾ ಮೊರೆನಾ' ಕೇಳಿಬಂದಾಗ ಪಡೆಗಳು ಹೊರಟವು. ಅಫೊನ್ಸೊ ಅವರ ಹಲವು ಹಾಡುಗಳ ಮೇಲೆ ಸರ್ಕಾರದ ನಿಷೇಧವಿತ್ತು. ಹೀಗಾಗಿ ಇಂದಿಗೂ ಆ ಕ್ರಾಂತಿಯ ಗೀತೆಯೆಂದು ಜನ ಹಾಡುವುದು ಅವರದ್ದನ್ನೇ ಹೊರತು ಬ್ರೈಟನ್ನಿನಲ್ಲಿ ಸೋತದ್ದನ್ನಲ್ಲ. ಏಪ್ರಿಲ್ 25ರ ಸಂಜೆಯ ಹೊತ್ತಿಗೆ ಕಯೆತಾನೊ ಶರಣಾದರು.

ಮರುವರ್ಷ ಸ್ಟಾಕ್‌ಹೋಮ್‌ಗೆ ಪೋರ್ಚುಗಲ್ ಕಳುಹಿಸಿದ ಗಾಯಕ ದುವಾರ್ತೆ ಮೆಂದೆಸ್ ಅವರು ಸ್ವತಃ ಆ ದಂಗೆಯಲ್ಲಿ ಪಾಲ್ಗೊಂಡಿದ್ದ ಸೇನಾಧಿಕಾರಿ. ಅವರ ಹಾಡು ಬೆಳಗಿನ ಜಾವವನ್ನು ಕುರಿತದ್ದು. ಅಂಕಪಟ್ಟಿಯಲ್ಲಿ ಅದೂ ಮೇಲೇರಲಿಲ್ಲ.

ಪ್ರಶ್ನೆ: 1964ರಲ್ಲೇ ಸ್ಪರ್ಧೆಗೆ ಬಂದ ದೇಶ ಮೊದಲ ಬಾರಿ ಗೆದ್ದದ್ದು 2017ರಲ್ಲಿ. ಇಷ್ಟು ತಡವಾಗಲು ನೆರೆಹೊರೆಯ ದೇಶಗಳು ಪರಸ್ಪರ ಮತ ಹಾಕಿಕೊಳ್ಳುವ ರೂಢಿಯೇ ಕಾರಣವೇ?

ಉತ್ತರ: ಆ ವಾದವನ್ನು ಪೋರ್ಚುಗಲ್‌ನಲ್ಲೂ ಬಹಳ ಮಂದಿ ಮಾಡುತ್ತಿದ್ದರು. ಭೂಗಡಿ ಹಂಚಿಕೊಂಡ ನೆರೆದೇಶ ಅದಕ್ಕೆ ಸ್ಪೇನ್ ಒಂದೇ ಎಂಬುದು ಸರಿ. ಪೋರ್ಚುಗೀಸ್ ವಲಸಿಗರು ಹೆಚ್ಚಾಗಿರುವ ಲಕ್ಸೆಂಬರ್ಗ್ 1994ರಿಂದ 2023ರವರೆಗೆ ಸ್ಪರ್ಧೆಯಿಂದ ಹೊರಗಿತ್ತೆಂಬುದೂ ಸರಿ. ಆದರೆ ನೆರೆಮತದಿಂದ ಎಲ್ಲವನ್ನೂ ವಿವರಿಸಲಾಗದು. ವೀಕ್ಷಕರು ದೂರವಾಣಿಯ ಮೂಲಕ ಮತ ಹಾಕುವ ಪದ್ಧತಿ ಆರಂಭವಾದದ್ದೇ 1997ರಲ್ಲಿ, ಅದೂ ಕೆಲವೇ ದೇಶಗಳಲ್ಲಿ. ಅದಕ್ಕೂ ಮುಂಚಿನ ಮೂರು ದಶಕಗಳಲ್ಲಿ ತೀರ್ಪು ನೀಡುತ್ತಿದ್ದ ಸಮಿತಿಗಳೂ ಈ ದೇಶಕ್ಕೆ ಉದಾರವಾಗಿರಲಿಲ್ಲ.

ಕೋಪನ್‌ಹೇಗನ್‌ನಲ್ಲಿ ನಡೆದ ಮೊದಲ ಪ್ರವೇಶದಲ್ಲೇ ಅಂತೋನಿಯೊ ಕಲ್ವಾರಿಯೊ ಅವರಿಗೆ ಸಿಕ್ಕಿದ್ದು ಸೊನ್ನೆ. ಆ ರಾತ್ರಿ ಒಬ್ಬ ವ್ಯಕ್ತಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಮತ್ತು ಸಲಾಜಾರ್ ಅವರನ್ನು ಬಹಿಷ್ಕರಿಸಿರೆಂಬ ಫಲಕ ಹಿಡಿದು ವೇದಿಕೆಯನ್ನೇ ಏರಿದ್ದರು. ಸರ್ವಾಧಿಕಾರದ ಹೆಸರು ಹೊತ್ತ ದೇಶಕ್ಕೆ ಆ ಕಾಲದಲ್ಲಿ ಎಂಥ ಸ್ವಾಗತ ಕಾದಿತ್ತೆಂಬುದನ್ನು ಇದರಿಂದ ಊಹಿಸಬಹುದು. ಆದರೆ ರಾಜಕೀಯ ಬದಲಾದ ಮೇಲೂ ಫಲಿತಾಂಶ ಬದಲಾಗಲಿಲ್ಲವಾದ್ದರಿಂದ ಇನ್ನೊಂದು ಕಾರಣವನ್ನೂ ಹೇಳಬೇಕು. ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಪಿ ನಡೆಸುವ ಆಯ್ಕೆ ಉತ್ಸವದಲ್ಲಿ ಹಾಡುಗಳು ಬಹುಕಾಲ ತಮ್ಮವರಿಗಾಗಿಯೇ ರಚನೆಯಾಗುತ್ತಿದ್ದವು. ಕವಿ ಅರಿ ದುಸ್ ಸಾಂತುಸ್ ಅವರ ಸಾಹಿತ್ಯವಿದ್ದ, 1969ರಲ್ಲಿ ಸಿಮೋನೆ ದೆ ಒಲಿವೈರಾ ಹಾಡಿದ ಗೀತೆ ಪೋರ್ಚುಗಲ್‌ನಲ್ಲಿ ದೊಡ್ಡ ವಿವಾದವನ್ನೂ ಅಷ್ಟೇ ಅಭಿಮಾನವನ್ನೂ ಹುಟ್ಟಿಸಿದರೆ, ಭಾಷೆ ತಿಳಿಯದ ಹೊರಗಿನ ತೀರ್ಪುಗಾರರನ್ನು ಅದು ಮುಟ್ಟಲಿಲ್ಲ. 1996ರಲ್ಲಿ ಲೂಸಿಯಾ ಮೊನಿಜ್ ಅವರು ಗಳಿಸಿದ ಆರನೆಯ ಸ್ಥಾನವೇ 2017ರವರೆಗಿನ ಅತ್ಯುತ್ತಮ ಸಾಧನೆ. ಅದರ ಮರುವರ್ಷವೇ ಮತ್ತೆ ಸೊನ್ನೆ!

2017ಕ್ಕೆ ಮುಂಚೆ ಒಂದು ವರ್ಷ ಸ್ಪರ್ಧೆಯಿಂದ ದೂರ ಉಳಿದ ಆರ್‌ಟಿಪಿ, ಆಯ್ಕೆ ಉತ್ಸವವನ್ನು ಹೊಸದಾಗಿ ರೂಪಿಸಿ, ಬೇರೆ ಬೇರೆ ಸಂಗೀತ ಮಾರ್ಗಗಳ ರಚನೆಕಾರರಿಗೆ ಆಹ್ವಾನ ಕಳುಹಿಸಿತು. ಹಾಗೆ ಆಹ್ವಾನ ಪಡೆದವರಲ್ಲಿ ಒಬ್ಬರಾದ ಲೂಯಿಸಾ ಸೊಬ್ರಾಲ್ ತಾವು ಬರೆದ 'ಅಮಾರ್ ಪೆಲೊಸ್ ದೋಯಿಸ್' ಹಾಡನ್ನು ತಮ್ಮ ಕಿರಿಯ ಸಹೋದರ ಸಲ್ವದೋರ್ ಅವರಿಂದ ಹಾಡಿಸಿದರು. ಸಲ್ವದೋರ್ ಅವರಿಗೆ ತೀವ್ರ ಹೃದ್ರೋಗವಿದ್ದುದರಿಂದ ಕೀವ್ ನಗರದ ಮೊದಲ ತಾಲೀಮುಗಳಲ್ಲಿ ಅಕ್ಕನೇ ಅವರ ಜಾಗದಲ್ಲಿ ನಿಂತು ಹಾಡಿದರು. ಅಂತಿಮ ಸುತ್ತಿನಲ್ಲಿ ನರ್ತಕರಿಲ್ಲದೆ, ಬೆಂಕಿ-ಹೊಗೆಗಳಿಲ್ಲದೆ, ಪ್ರೇಕ್ಷಕರ ನಡುವಿನ ಪುಟ್ಟ ವೇದಿಕೆಯಲ್ಲಿ ಸಲ್ವದೋರ್ ಒಬ್ಬರೇ ಪೋರ್ಚುಗೀಸ್‌ನಲ್ಲಿ ಹಾಡಿ 758 ಅಂಕ ಗಳಿಸಿದರು. ತೀರ್ಪುಗಾರರ ಎಣಿಕೆಯಲ್ಲೂ ವೀಕ್ಷಕರ ಎಣಿಕೆಯಲ್ಲೂ ಅವರೇ ಮುಂದಿದ್ದರು. ನೆರೆಮತದ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚುವುದಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರಿಗೆ ಹೃದಯ ಕಸಿ ನಡೆಯಿತು.

ಪ್ರಶ್ನೆ: ಪೋರ್ಚುಗಲ್ ಯಾವ ಯಾವ ವರ್ಷ ಸ್ಪರ್ಧಿಸಲಿಲ್ಲ? ಗೆದ್ದ ಮೇಲೆ ಸ್ಥಿತಿ ಸುಧಾರಿಸಿತೇ?

ಉತ್ತರ: 1970, 2000, 2002, 2013 ಮತ್ತು 2016. ಇವುಗಳಲ್ಲಿ 1970ರದ್ದು ಪ್ರತಿಭಟನೆ: ಹಿಂದಿನ ವರ್ಷ ಸ್ಪೇನ್, ಬ್ರಿಟನ್, ನೆದರ್ಲೆಂಡ್ಸ್ ಮತ್ತು ಫ್ರಾನ್ಸ್ ನಾಲ್ಕೂ ಸಮಾನ ಅಂಕ ಪಡೆದು ನಾಲ್ವರನ್ನೂ ವಿಜೇತರೆಂದು ಸಾರಿದ್ದು ಹಲವು ದೇಶಗಳಿಗೆ ಹಿಡಿಸಲಿಲ್ಲ. ಪೋರ್ಚುಗಲ್ ದೇಶದೊಳಗಿನ ಆಯ್ಕೆಯನ್ನೇನೋ ನಡೆಸಿತು, ಗೆದ್ದ ಹಾಡನ್ನು ಮಾತ್ರ ಕಳುಹಿಸಲಿಲ್ಲ. 2000ದಲ್ಲಿ ಹಿಂದಿನ ವರ್ಷಗಳ ಕಡಿಮೆ ಅಂಕಗಳಿಂದಾಗಿ ಅವಕಾಶ ತಪ್ಪಿತು.

ಗೆಲುವಿನ ನಂತರ 2018ರ ಸ್ಪರ್ಧೆ ಲಿಸ್ಬನ್ನಿನಲ್ಲಿ ನಡೆದಾಗ ಆತಿಥೇಯ ದೇಶದ ಹಾಡಿಗೆ ಬಂದದ್ದು 26ನೆಯ, ಅಂದರೆ ಕೊನೆಯ ಸ್ಥಾನ. 2019ರಲ್ಲಿ ಅಂತಿಮ ಸುತ್ತಿಗೂ ಏರಲಾಗಲಿಲ್ಲ. ಸುಧಾರಣೆ ಕಂಡದ್ದು ಆಮೇಲೆ. 2021ರಲ್ಲಿ ಮೊದಲ ಬಾರಿಗೆ ಪೂರ್ತಿ ಇಂಗ್ಲಿಷ್ ಹಾಡನ್ನು ಕಳುಹಿಸಿ 12ನೆಯ ಸ್ಥಾನ ಪಡೆಯಿತು. 2022ರಲ್ಲಿ ಮಾರೊ ಅವರು 9ನೆಯ, 2024ರಲ್ಲಿ ಪೋರ್ಚುಗೀಸ್‌ನಲ್ಲೇ ಹಾಡಿದ ಇಯೊಲಾಂಡಾ ಅವರು 10ನೆಯ ಸ್ಥಾನ ಪಡೆದರು.